ಬಂಗಾಳಿ ಜನಪದಕ್ಕೆ ಎಲೆಕ್ಟ್ರಾನಿಕ್ ಬೀಟ್ ಹಾಕಿದರೆ ಹಾಡು ಕೆಡುತ್ತದಾ?

ಪ್ರಶ್ನೆ: ಬಾಂಗ್ಲಾದೇಶದ ಹಬೀಬ್ ವಾಹಿದ್ ಅವರ ಹಾಡುಗಳನ್ನು ಕೇಳುತ್ತಿದ್ದೇನೆ. ತುಂಬಾ ಇಷ್ಟವಾಗಿವೆ. ಆದರೆ ಸಾವಿರಾರು ವರ್ಷಗಳಿಂದ ಜನರ ಬಾಯಲ್ಲೇ ಉಳಿದು ಬಂದ ಹಾಡಿಗೆ ಕಂಪ್ಯೂಟರ್ ಸಂಗೀತ ಸೇರಿಸಿದರೆ ಮೂಲ ಹಾಳಾಗಲ್ವಾ?

ಉತ್ತರ: ಹಾಳಾಗಲ್ಲ. ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ.

ನೀವು 'ಮೂಲ' ಅಂದುಕೊಂಡಿರುವ ರೂಪದಲ್ಲಿ ಹಾರ್ಮೋನಿಯಂ ಇದೆ. ಅದು ಯುರೋಪಿನಿಂದ ಬಂದ ವಾದ್ಯ. ಬಂಗಾಳದ ಹಳೆಯ ಗಾಯಕ ಅಬ್ಬಾಸುದ್ದೀನ್ ಅಹ್ಮದ್ ತಮ್ಮ ಕಾಲದಲ್ಲಿ ಅಂಬಿಗರ ಭಾಟಿಯಾಲಿ, ಉತ್ತರ ಬಂಗಾಳದ ಹಳ್ಳಿಗಳ ಭಾವೈಯಾ ಹಾಡುಗಳನ್ನು ಗ್ರಾಮೋಫೋನ್ ತಟ್ಟೆಗೆ ಹಾಡಿದರು. ಆ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಹೆಚ್ಚುಕಡಿಮೆ 3 ನಿಮಿಷ. ಮನಸ್ಸು ಬಂದಷ್ಟು ಹೊತ್ತು ಹಾಡುತ್ತಿದ್ದ ಹಾಡನ್ನು ಅಷ್ಟರೊಳಗೆ ಕೂರಿಸಬೇಕಿತ್ತು. ಅಂದರೆ ಯಂತ್ರ ಈ ಹಾಡುಗಳನ್ನು ಮುಟ್ಟಿದ್ದು ಇವತ್ತು ನಿನ್ನೆ ಅಲ್ಲ. ಹಬೀಬ್ ಲಂಡನ್ನಿನಲ್ಲಿ ಧ್ವನಿ ತಂತ್ರ ಕಲಿತು, 2003ರಲ್ಲಿ 'ಕೃಷ್ಣೊ', 2004ರಲ್ಲಿ 'ಮಾಯಾ' ಆಲ್ಬಂ ತಂದಾಗ ಬದಲಾಗಿದ್ದು ಯಂತ್ರ ಮಾತ್ರ.

ಇಷ್ಟಕ್ಕೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ನನಗೆ ಕಾಡುವುದು ಪ್ರಶ್ನೆಯೊಳಗೆ ಸುಮ್ನೆ ಕೂತಿರುವ ಆ ಮಾತು: 'ಸಾವಿರಾರು ವರ್ಷಗಳಿಂದ ಜನರ ಬಾಯಲ್ಲೇ ಉಳಿದು ಬಂದ ಹಾಡು'. ಜನಪದ ಅಂದ ಕೂಡಲೇ ಅದು ಬಹಳ ಹಳೆಯದು, ಬರೆದವರು ಯಾರೂ ಇಲ್ಲ, ಎಲ್ಲರಿಗೂ ಸೇರಿದ್ದು ಅಂತ ತೀರ್ಮಾನ ಮಾಡಿಬಿಡುತ್ತೇವೆ. ಹಬೀಬ್ ಪ್ರಸಿದ್ಧರಾದದ್ದೇ ಬಾಂಗ್ಲಾದೇಶದ ಈಶಾನ್ಯದ ಸಿಲ್ಹೆಟ್ ಕಡೆಯ ಹಾಡುಗಳಿಂದ. ಆ ಹಾಡುಗಳ ಮಟ್ಟಿಗೆ ಇದು ಶುದ್ಧ ತಪ್ಪು.

'ಮಾಯಾ' ಹಾಡನ್ನೇ ತೆಗೆದುಕೊಳ್ಳಿ. ಅದನ್ನು ಬರೆದವರು ಶಾ ಅಬ್ದುಲ್ ಕರೀಮ್. ಹುಟ್ಟಿದ್ದು 1916ರಲ್ಲಿ, ಸಿಲ್ಹೆಟ್ ಕಡೆಯದೇ ಆದ ಸುನಾಮಗಂಜ್ ಜಿಲ್ಲೆಯಲ್ಲಿ. ತೀರಿಕೊಂಡದ್ದು 2009ರ ಸೆಪ್ಟೆಂಬರ್ 12ರಂದು. ಹಬೀಬ್ ಅವರ ಆಲ್ಬಂ ಬಂದಾಗ ಕವಿ ತಮ್ಮ ಊರಿನಲ್ಲೇ, ಕಾಲ್ನಿ ನದಿಯ ದಂಡೆಯಲ್ಲೇ ಬದುಕಿದ್ದರು! ಬಡ ಮನೆಯ ಹುಡುಗ, ದನ ಕಾಯುತ್ತಾ ಬೆಳೆದವರು, ಶಾಲೆಗೆ ಹೋಗಿದ್ದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅವರ ಹಾಡುಗಳು ಪುಸ್ತಕವಾಗಿ ಬಂದಿವೆ, 'ಕಾಲ್ನೀರ್ ಢೇವು', 'ಭಾಟಿರ್ ಚಿಠಿ' ಅಂತ. 2001ರಲ್ಲಿ ಬಾಂಗ್ಲಾದೇಶ ಸರ್ಕಾರ ಏಕುಶೇ ಪದಕ ಕೊಟ್ಟಿತು. ಪುಸ್ತಕ ಇದೆ, ಪದಕ ಇದೆ, ಊರು ಇದೆ. ಇಂಥವರ ಹಾಡನ್ನು 'ಯಾರೋ ಎಂದೋ ಕಟ್ಟಿದ್ದು' ಅಂದರೆ ಬೇಜಾರಾಗುತ್ತದೆ.

ಪುಸ್ತಕ ಹುಡುಕುವುದೂ ಬೇಡ. ಹಾಡನ್ನು ಪೂರ್ತಿ ಕೇಳಿದರೆ ಸಾಕು. ಕೊನೆಯ ಚರಣದಲ್ಲಿ 'ಬಾವುಲ್ ಅಬ್ದುಲ್ ಕರೀಮ್ ಹಾಡುತ್ತಾನೆ' ಅಂತ ಅವರೇ ಬಂದು ನಿಲ್ಲುತ್ತಾರೆ. ಬಾವುಲ್ ಅಂದರೆ ಬಂಗಾಳದ ಅನುಭಾವಿ ಹಾಡುಗಾರ. ಬಂಗಾಳದಲ್ಲಿ ಇದಕ್ಕೆ ಭಣಿತಾ ಅನ್ನುತ್ತಾರೆ. ವಚನ, ದಾಸರ ಪದ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮ ಅಂಕಿತದ ಕೆಲಸವನ್ನೇ ಅಲ್ಲಿ ಭಣಿತಾ ಮಾಡುತ್ತದೆ. ನಮ್ಮ ವಚನಕಾರರು, ದಾಸರು ಹೆಚ್ಚಾಗಿ ಇಷ್ಟದೈವದ ಹೆಸರು ಹಾಕಿದರೆ, ಅಲ್ಲಿನವರು ಹೆಚ್ಚಾಗಿ ತಮ್ಮದೇ ಹೆಸರು ಹಾಕುತ್ತಾರೆ. ಬಾವುಲರಲ್ಲಿ ದೊಡ್ಡ ಹೆಸರಾದ ಲಾಲನ್ ಫಕೀರರು ತೀರಿಕೊಂಡದ್ದು 1890ರಲ್ಲಿ. ಅವರ ಹಾಡುಗಳನ್ನು ಬರೆದಿಟ್ಟವರು ಶಿಷ್ಯರು, ಹಾಗಾಗಿ ಪಾಠಾಂತರಗಳೂ ಇವೆ. ಆದರೂ ಇದು ಲಾಲನ್ ಹಾಡು ಅಂತ ಹಳ್ಳಿಯವರಿಗೆ ಗೊತ್ತಾಗುವುದು ಕೊನೆಯಲ್ಲಿ ಬರುವ ಹೆಸರಿನಿಂದ. 1833ರಲ್ಲಿ ಹುಟ್ಟಿದ ರಾಧಾರಮಣ ದತ್ತ, 1922ರಲ್ಲಿ ತೀರಿಕೊಂಡ ಜಮೀನ್ದಾರ ಹಾಸನ್ ರಾಜಾ, ಇವರ ಹಾಡುಗಳಲ್ಲೂ ಹೆಸರು ಹೀಗೇ ಬರುತ್ತದೆ.

ಈಗಿನ ಮರುಹಾಡುಗಳಲ್ಲಿ ಮೊದಲು ಕತ್ತರಿ ಬೀಳುವುದು ಆ ಕೊನೆಯ ಚರಣಕ್ಕೇ. ಪಲ್ಲವಿ ನಾಲ್ಕು ಸಲ ಬರುತ್ತದೆ, ಕವಿಯ ಹೆಸರು ಒಂದು ಸಲವೂ ಬರುವುದಿಲ್ಲ. ಹಾಡು ಕೆಡುವುದು ಅಲ್ಲಿ. ಡ್ರಮ್ ಮಷೀನ್ ಮೇಲೆ ಸಿಟ್ಟಾಗುವವರು ಇದನ್ನು ಗಮನಿಸುವುದೇ ಇಲ್ಲ.

ಇದು ಬರೀ ಗೌರವದ ಮಾತಲ್ಲ, ದುಡ್ಡಿನ ಮಾತೂ ಹೌದು. 2020ರಲ್ಲಿ ಬಾದ್‌ಶಾ ಅವರ 'ಗೇಂದಾ ಫೂಲ್' ಬಂತು. ಎಲ್ಲರ ಫೋನಿನಲ್ಲೂ ಅದೇ. ಅದರ ಬಂಗಾಳಿ ಸಾಲುಗಳು ಬೀರ್‌ಭೂಮ್ ಜಿಲ್ಲೆಯ ಸಿವುಡಿಯ ರತನ್ ಕಾಹಾರ್ ಅವರ 'ಬಡಲೋಕೇರ್ ಬಿಟಿ ಲೋ' ಹಾಡಿನವು. 1976ರಲ್ಲಿ ಸ್ವಪ್ನಾ ಚಕ್ರವರ್ತಿ ಅದನ್ನು ಹಾಡಿ ಮನೆಮಾತು ಮಾಡಿದ್ದರು. ಹೊಸ ಹಾಡಿನಲ್ಲಿ ಮಾತ್ರ ಅದು ಬರೀ ಬಂಗಾಳಿ ಜನಪದವಾಗಿತ್ತು, ರತನ್ ಕಾಹಾರ್ ಹೆಸರು ಇರಲಿಲ್ಲ. ಬಂಗಾಳದ ಜನ ಗಲಾಟೆ ಎಬ್ಬಿಸಿದ ಮೇಲೆ ರತನ್ ಕಾಹಾರ್ ಅವರಿಗೆ ಬಾದ್‌ಶಾ 5 ಲಕ್ಷ ರೂಪಾಯಿ ಕೊಟ್ಟರು. 2024ರಲ್ಲಿ ರತನ್ ಅವರಿಗೆ ಪದ್ಮಶ್ರೀಯೂ ಬಂತು. ಬದುಕಿರುವ ಕವಿಗೇ ಹೀಗಾದರೆ ಹೋದವರ ಗತಿ ಏನು?

ಕಾನೂನು ಕೂಡ ತೀರಾ ಸ್ಪಷ್ಟವಾಗಿದೆ. ನಮ್ಮ ದೇಶದಲ್ಲೂ ಬಾಂಗ್ಲಾದೇಶದಲ್ಲೂ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕರೀಮ್ ಅವರ ಹಾಡುಗಳ ಲೆಕ್ಕ ಹಾಕಿದರೆ 2069ರ ಕೊನೆಯವರೆಗೆ. ಲಾಲನ್, ರಾಧಾರಮಣ, ಹಾಸನ್ ರಾಜಾ ಹಾಡುಗಳನ್ನು ಯಾರು ಬೇಕಾದರೂ ಹಾಡಬಹುದು. ಹಾಗಂತ ಅವರ ಹೆಸರು ಹೇಳದೇ ಇರಲು ಏನು ಕಾರಣ? 1889ರಲ್ಲಿ ತೀರಿಕೊಂಡ ನಮ್ಮ ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರ್, ಡ್ರಮ್ಸ್ ಇಟ್ಟು ಹಾಡುತ್ತಾರೆ. ಕೇಳಿದವರಿಗೆ ಅದು ಶರೀಫರದ್ದು ಅಂತ ಗೊತ್ತಿರುತ್ತದೆ. ಅಷ್ಟೇ ಸಾಕು, ಅದಕ್ಕಿಂತ ಜಾಸ್ತಿ ಏನೂ ಕೇಳುತ್ತಿಲ್ಲ.

ಬರೆದವರ ಗುರುತೇ ಇಲ್ಲದ ಹಾಡುಗಳೂ ಬಂಗಾಳದಲ್ಲಿವೆ, ಇಲ್ಲ ಅನ್ನುವುದಿಲ್ಲ. ಮದುವೆ ಹಾಡುಗಳು, ದೋಣಿ ಪಂದ್ಯದ ಸಾರಿ ಹಾಡುಗಳು ಹಲವು ಅಂಥವೇ. ಆದರೆ ಅದನ್ನು ವಿಚಾರಿಸಿ ನೋಡಿದ ಮೇಲೆ ಹೇಳಬೇಕು, ಶುರುವಿನಲ್ಲೇ ಅಲ್ಲ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ನನಗೆ ಅದೇ ಹೆಚ್ಚು ಇಷ್ಟ. ಎಲೆಕ್ಟ್ರಾನಿಕ್ ಬೀಟ್ ಕೆಲವು ಹಾಡುಗಳಿಗೆ ಅಷ್ಟು ಸಲೀಸಾಗಿ ಕೂರುತ್ತದೆ, ಕೆಲವಕ್ಕೆ ಎಷ್ಟು ಒದ್ದಾಡಿದರೂ ಕೂರಲ್ಲ. ಯಾಕೆ?

ಸಿಲ್ಹೆಟ್ ಕಡೆ ಧಮಾಯಿಲ್ ಅಂತ ಇದೆ. ಹೆಂಗಸರು ಸುತ್ತುಗಟ್ಟಿ ಚಪ್ಪಾಳೆ ತಟ್ಟುತ್ತಾ ಕುಣಿಯುವ ಹಾಡು. ರಾಧಾರಮಣರ ಹೆಸರು ಉಳಿದಿರುವುದೇ ಇದರಲ್ಲಿ. ಚಪ್ಪಾಳೆ ಒಂದೇ ಅಳತೆಯಲ್ಲಿ ಬೀಳುತ್ತದೆ, ಹಾಡು ಮುಂದೆ ಹೋದಂತೆ ಬಿರುಸಾಗುತ್ತದೆ. ಕುಣಿತದ ಬೀಟ್ ಆಗಲೇ ಹಾಡಿನೊಳಗಿದೆ, ಕಂಪ್ಯೂಟರ್ ಅದನ್ನು ದಪ್ಪ ಮಾಡುತ್ತದೆ ಅಷ್ಟೇ. ಬಾವುಲರ ಏಕತಾರಿ ಒಂದೇ ಸ್ವರ ಹಿಡಿದು ಕೂರುತ್ತದೆ. ಸಿಂಥಸೈಜರಿನಲ್ಲಿ ಉದ್ದಕ್ಕೂ ಎಳೆಯುವ ಸ್ವರಕ್ಕೂ ಅದಕ್ಕೂ ಜಗಳವಿಲ್ಲ. ಖಮಕ್ ಅಂತೂ ಕೇಳಲೇಬೇಕು. ಕಂಕುಳಲ್ಲಿ ಇಟ್ಟುಕೊಂಡು, ತಂತಿಯನ್ನು ಎಳೆದು ಸಡಿಲಿಸಿ ಮೀಟುವ ವಾದ್ಯ. ಸ್ವರ ಜಾರಿ ಮೇಲೇರಿ ಕೆಳಗಿಳಿಯುತ್ತದೆ. ಗೊತ್ತಿಲ್ಲದವರು ಅದನ್ನೇ ಸಿಂಥಸೈಜರ್ ಅಂದುಕೊಳ್ಳುತ್ತಾರೆ. 1997ರಲ್ಲಿ ಪವನ್ ದಾಸ್ ಬಾವುಲ್ ಮತ್ತು ಸ್ಯಾಮ್ ಮಿಲ್ಸ್ ಸೇರಿ ಮಾಡಿದ 'ರಿಯಲ್ ಶುಗರ್' ಆಲ್ಬಂ ಕೇಳಿ, ಎರಡು ಕಾಲದ ವಾದ್ಯಗಳು ಎಷ್ಟು ಹತ್ತಿರ ಕೂರಬಲ್ಲವು ಅಂತ ತಿಳಿಯುತ್ತದೆ.

ಭಾಟಿಯಾಲಿ ಹಾಗಲ್ಲ. ಅದು ನೀರಿನ ಮೇಲಿನ ಹಾಡು. ಸುನಾಮಗಂಜ್ ಸುತ್ತಮುತ್ತ ಮಳೆಗಾಲದಲ್ಲಿ ಗದ್ದೆಗಳೆಲ್ಲ ಮುಳುಗಿ ದೊಡ್ಡ ಸರೋವರದಂತಾಗುತ್ತವೆ, ಅದಕ್ಕೆ ಹಾವೊರ್ ಅನ್ನುತ್ತಾರೆ. ತಿಂಗಳುಗಟ್ಟಲೆ ಹೊಲದ ಕೆಲಸವಿಲ್ಲ, ಓಡಾಟವೆಲ್ಲ ದೋಣಿಯಲ್ಲಿ. ಹರಿವಿನ ಜೊತೆ ದೋಣಿ ತಾನಾಗಿ ಸಾಗುವಾಗ ಅಂಬಿಗನ ಕೈಗೆ ಬಿಡುವು. ಅವನು ಒಂದು ಸ್ವರ ಎತ್ತಿದರೆ ಉಸಿರು ಇರುವಷ್ಟು ಹೊತ್ತು ಎಳೆಯುತ್ತಾನೆ. ತಾಳದ ಹಂಗು ಇಲ್ಲ. ಕಂಪ್ಯೂಟರಿನಲ್ಲಿ ಹಾಡು ಕಟ್ಟುವವರು ಮೊದಲು ಮಾಡುವ ಕೆಲಸ ನಿಮಿಷಕ್ಕೆ ಇಷ್ಟು ಬೀಟ್ ಅಂತ ಗೆರೆ ಎಳೆಯುವುದು. ಆ ಎಳೆತವನ್ನು ಗೆರೆಯೊಳಗೆ ತಳ್ಳಿದರೆ ರಾಗ ಉಳಿಯುತ್ತದೆ, ಭಾಟಿಯಾಲಿ ಉಳಿಯುವುದಿಲ್ಲ. ಬಲ್ಲವರು ಆ ಜಾಗದಲ್ಲಿ ಬೀಟ್ ನಿಲ್ಲಿಸಿ, ಗಾಯಕ ಕೆಳಗಿಳಿದು ಬಂದ ಮೇಲೆ ಮತ್ತೆ ಶುರು ಮಾಡುತ್ತಾರೆ.

ಹಾಗಾಗಿ ಮುಂದಿನ ಸಲ ಇಂಥ ಹಾಡು ಕೇಳಿದಾಗ ಎರಡು ಕಡೆ ಕಿವಿ ಕೊಡಿ. ಗಾಯಕ ದನಿ ಎಳೆಯುವಾಗ ಬೀಟ್ ದಾರಿ ಬಿಡುತ್ತದಾ, ಕೊನೆಯ ಚರಣದಲ್ಲಿ ಕವಿಯ ಹೆಸರು ಇದೆಯಾ. ಹೆಸರು ಇಲ್ಲದಿದ್ದರೆ ಯಾರ ಹಾಡು ಅಂತ ಆ ಹಾಡಿನ ಕೆಳಗೆ ಕಾಮೆಂಟಿನಲ್ಲಿ ಕೇಳಿ ಬರೆಯಿರಿ. ಬಂಗಾಳಿಗಳು ಖಂಡಿತ ಉತ್ತರ ಕೊಡುತ್ತಾರೆ.