ಒಂದೇ ಒಂದು ಬುಷ್ ಮಾಡಿಸಲು ಇಷ್ಟು ಓಡಾಟ ಯಾಕೆ?

ಜುಲೈ ತಿಂಗಳು. ಮಲ್ಪೆಯಲ್ಲಿ ಬೋಟು ದಡದಲ್ಲಿದೆ, ಶಾಫ್ಟಿನ ಬುಷ್, ಅಂದರೆ ಶಾಫ್ಟ್ ಒಳಗೆ ಕೂತು ತಿರುಗುವ ಕೊಳವೆಯಂಥ ಬಿಡಿಭಾಗ, ಸವೆದಿದೆ. ಮೀನುಗಾರಿಕೆ ನಿಷೇಧ ಮುಗಿಯುವ ಮೊದಲು ಹೊಸದು ಕೂರಿಸಬೇಕು. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮೆಷಿನ್ ಇರುವ ಕಡೆ ಕೇಳಿದರೆ, "ಎಷ್ಟು ಪೀಸು? ಒಂದೇನಾ?" ಎನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ನಮ್ಮ ಕರಾವಳಿಗೆ ಲೋಹದ ಕೆಲಸ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹಂಚಿನ ಪ್ರೆಸ್ ಕೆಟ್ಟರೆ ಬಿಡಿಭಾಗಕ್ಕೆ ಯುರೋಪಿನ ಹಡಗು ಕಾಯುತ್ತಾ ಕೂರಲು ಆಗುತ್ತಿರಲಿಲ್ಲ. ಮಿಷನ್ನಿನ ವರ್ಕ್‌ಶಾಪಿನಲ್ಲೇ ಊರಿನವರು ಕಬ್ಬಿಣದ ಕೆಲಸ ಕಲಿತರು. ಆಮೇಲೆ ಗೇರುಬೀಜ, ಮೋಟಾರ್ ಬೋಟು, ಪಣಂಬೂರಿನ ಬಂದರು, ಗೊಬ್ಬರದ ಕಾರ್ಖಾನೆ, ರಿಫೈನರಿ ಎಲ್ಲ ಬಂದವು. ಯೆಯ್ಯಾಡಿ, ಬೈಕಂಪಾಡಿಯಲ್ಲಿ ಲೋಹವನ್ನು ತಿರುಗಿಸಿ ಕೊರೆಯುವ ಲೇತ್‌ಗಳು ಓಡತೊಡಗಿದವು.

ಆ ಲೇತಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಲೇತ್ ನಡೆಸುವ ಟರ್ನರ್ ಮೊದಲು ಬುಷ್ ನೋಡುವುದಿಲ್ಲ, ಶಾಫ್ಟ್ ನೋಡುತ್ತಾರೆ. ವೇಸ್ಟ್ ಬಟ್ಟೆಯಿಂದ ಗ್ರೀಸ್ ಒರೆಸಿ, ಅಳತೆಗೆ ಮೂರು ಕಡೆ ವರ್ನಿಯರ್ ಹಿಡಿಯುತ್ತಾರೆ. ಡ್ರಾಯಿಂಗ್‌ನಲ್ಲಿ 50 ಮಿಲಿಮೀಟರ್ ಇರಬಹುದು. ಸವೆದ ಶಾಫ್ಟ್ ಒಂದು ಕಡೆ 49.8, ಇನ್ನೊಂದು ಕಡೆ 49.6 ಇರುತ್ತದೆ. ಡ್ರಾಯಿಂಗ್ ನೋಡಿ ಮಾಡಿದ ಬುಷ್ ಅಲ್ಲಿ ಗಡಗಡ ಅನ್ನುತ್ತದೆ ಅಲ್ವಾ? ಹಾಗಾಗಿ ಇದ್ದ ಶಾಫ್ಟಿಗೆ ಹೊಂದುವಂತೆ ಗನ್‌ಮೆಟಲ್ ಎಂಬ ತಾಮ್ರದ ಮಿಶ್ರಲೋಹ ಕೊರೆಯುತ್ತಾರೆ. ಸ್ವಲ್ಪ ಕೊರೆ, ತೂರಿಸಿ ನೋಡು, ಮತ್ತೆ ಕೊರೆ.

ನೈಲಾನ್ ಬುಷ್ ಬಂದ ಮೇಲೆ ಕೆಲಸ ಇನ್ನೂ ನಾಜೂಕಾಯಿತು. ಅದು ನೀರು ಹೀರಿ ಉಬ್ಬುತ್ತದೆ. ಬಿಸಿಗೆ ಉಕ್ಕಿಗಿಂತ ಎಷ್ಟೋ ಜಾಸ್ತಿ ಹಿಗ್ಗುತ್ತದೆ. ಕೊರೆದ ಕೂಡಲೇ ಅಳೆದರೆ ಒಂದು ಲೆಕ್ಕ, ತಣಿದ ಮೇಲೆ ಇನ್ನೊಂದು. ಬಿಗಿಯಾಗಿ ಕೂರಿಸಿದ ಬುಷ್ ನೀರಿಗಿಳಿದ ಮೇಲೆ ಶಾಫ್ಟನ್ನೇ ಹಿಡಿದುಬಿಡಬಹುದು.

ಇನ್ನು ಸಿಎನ್‌ಸಿ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ, ತೂತು ಹೊಡೆದ ಟೇಪ್ ಓದಿ ಓಡುವ ಮಿಲ್ಲಿಂಗ್ ಮೆಷಿನ್ ತೋರಿಸಿದ್ದರು. ಇವತ್ತಿನ ಮೆಷಿನ್ ಅದರದೇ ಸಂತತಿ. ನೂರು ಪೀಸು ಕೊಟ್ಟರೆ ನೂರೂ ಒಂದೇ ಅಳತೆಗೆ ಬರುತ್ತವೆ. ಆದರೆ ಮೊದಲ ಪೀಸಿಗೆ ಪ್ರೋಗ್ರಾಂ ಬರೆಯಬೇಕು, ಟೂಲ್ ಜೋಡಿಸಬೇಕು, ಕೊರೆಯುವ ತುಂಡನ್ನು ಹಿಡಿಸಿ ಅಳತೆ ಶುರುವಾಗುವ ಸೊನ್ನೆ ಗುರುತಿಸಬೇಕು. ಆ ಶ್ರಮ ನೂರಕ್ಕೆ ಹಂಚಿದರೆ ಪುಡಿಗಾಸು. ಒಂದೇ ಪೀಸಿನ ಮೇಲೆ ಹಾಕಿದರೆ ಗಿರಾಕಿಗೆ ಕಷ್ಟ, ಹಾಕದಿದ್ದರೆ ಸಾಲ ಮಾಡಿ ಮೆಷಿನ್ ತಂದವರಿಗೆ ನಷ್ಟ.

ಹುಡುಗರು ಸಿಎನ್‌ಸಿ ಕಲಿಯುತ್ತಾರೆ, ಕಲಿಯಲೇಬೇಕು. ಜೊತೆಗೆ ಆರು ತಿಂಗಳು ಹಳೇ ಲೇತಿನ ಮುಂದೆಯೂ ನಿಲ್ಲಿಸಿದರೆ ಎಷ್ಟು ಒಳ್ಳೆಯದು. ಮಲ್ಪೆಯಲ್ಲಿ ನನಗೆ ಗೊತ್ತಿರುವ ಟರ್ನರ್ ಒಬ್ಬರ ಹತ್ತಿರ ಎಣ್ಣೆ ಹಿಡಿದ ನೋಟ್‌ಬುಕ್ ಇದೆ. ಒಂದೊಂದು ಬೋಟಿನ ಹೆಸರು, ಎದುರಿಗೆ ಶಾಫ್ಟಿನ ಅಳತೆ, ಪ್ರತಿ ಮಳೆಗಾಲ ಎಷ್ಟು ಸವೆಯಿತು ಎಂಬ ಲೆಕ್ಕ. ಕೆಲವು ಪುಟಗಳ ಪೆನ್ಸಿಲ್ ಬರಹ ಆಗಲೇ ಮಾಸಿದೆ.