ಬಿಲ್ ಹಾಕೋರು ಖಾಲಿ ನಿಂತಿದ್ದರೂ ಮೆಷಿನ್ ಮುಂದೆ ಯಾಕೆ ಸಾಲು?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಬಂದಿದ್ದೇನೆ. ಇಲ್ಲಿನ ದಿನಸಿ ಅಂಗಡಿಯಲ್ಲಿ ಕ್ಯಾಷಿಯರ್ ಸುಮ್ನೆ ನಿಂತಿದ್ದರೂ ಮಗಳು ಸೆಲ್ಫ್ ಚೆಕ್‌ಔಟ್‌ಗೇ, ಅಂದರೆ ನಾವೇ ಬಿಲ್ ಹಾಕಿಕೊಳ್ಳುವ ಮೆಷಿನ್‌ಗೇ ಹೋಗುತ್ತಾಳೆ. ಬೇಗ ಆಗುತ್ತೆ ಅಂತಲಾ?

ಉತ್ತರ: ಬೇಸಿಗೆ ಬಂತು, ಊರಿಂದ ಅಪ್ಪ-ಅಮ್ಮಂದಿರು ಬಂದರು, ಈ ಪ್ರಶ್ನೆಯೂ ಬಂತು. ಪ್ರತಿ ವರ್ಷ ಉತ್ತರ ಕೊಡುತ್ತೇನೆ, ಪ್ರತಿ ವರ್ಷ ಕೊನೆಗೆ ಅದೇ ‘ಬೇಗ ಆಗುತ್ತೆ’ಗೆ ಬಂದು ನಿಲ್ಲುತ್ತದೆ. ಮೊದಲು ಅದನ್ನೇ ಮುಗಿಸಿಬಿಡೋಣ.

ಬೇಗ ಆಗಲ್ಲ ಅಮ್ಮ. ಒಮ್ಮೆ ಆಲ್ಡಿ ಅಂಗಡಿಗೆ ಹೋಗಿ ಕ್ಯಾಷಿಯರ್ ಕೈ ನೋಡಿ. ಒಂದು ಕೈ ಎಳೆಯುತ್ತಿರುತ್ತದೆ, ಇನ್ನೊಂದು ತಳ್ಳುತ್ತಿರುತ್ತದೆ. ಅವರ ಪೊಟ್ಟಣಗಳಲ್ಲಿ ಬಾರ್‌ಕೋಡ್ ದೊಡ್ಡದಾಗಿ, ಒಂದಕ್ಕಿಂತ ಜಾಸ್ತಿ ಕಡೆ ಇರುತ್ತದೆ, ಹುಡುಕುವ ಕೆಲಸವೇ ಇಲ್ಲ. ನಾವು ಮೊಸರಿನ ಡಬ್ಬಿಯನ್ನು ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಅವರು ಅರ್ಧ ಗಾಡಿ ಮುಗಿಸಿರುತ್ತಾರೆ. ಸೊಪ್ಪು-ತರಕಾರಿಯ ಗತಿ ಇನ್ನೂ ಕಷ್ಟ. ಕೊತ್ತಂಬರಿ ಕಟ್ಟಿಗೆ ಸುತ್ತಿದ ಪಟ್ಟಿ ನೋಡಿ ಅದರ ಕೋಡ್ ನಂಬರ್ 4889 ಒತ್ತಬೇಕು. ಪಟ್ಟಿ ಕಳಚಿಹೋಗಿದ್ದರೆ ಪರದೆಯಲ್ಲಿ ಚಿತ್ರ ಹುಡುಕಬೇಕು. ಕ್ಯಾಷಿಯರ್‌ಗೆ ಆ ನಂಬರ್ ಬಾಯಿಪಾಠ. ನಡುವೆ ಕೈಚೀಲ ಸ್ವಲ್ಪ ಸರಿಸಿದಿರೋ, ತೂಕ ತಾಳೆಯಾಗಲಿಲ್ಲ ಅಂತ ಮೆಷಿನ್ ಕೆಂಪು ದೀಪ ಹಚ್ಚಿಕೊಂಡು ಕೂರುತ್ತದೆ. ಆಗ ಯಾರಾದರೂ ಬಂದು ಬಿಡಿಸಬೇಕು. ವೈನ್ ಇದ್ದರೆ ವಯಸ್ಸು ನೋಡೋಕೂ ಯಾರಾದರೂ ಬರಬೇಕು. ಕ್ಯಾಲಿಫೋರ್ನಿಯಾದಲ್ಲಂತೂ ಸೆಲ್ಫ್ ಚೆಕ್‌ಔಟ್‌ನಲ್ಲಿ ಮದ್ಯ ಮಾರುವಂತೆಯೇ ಇಲ್ಲ.

ಹಾಗಾದರೆ ಬೇಗ ಅಂತ ಅನ್ನಿಸೋದು ಯಾಕೆ? ಕೈಗೆ ಕೆಲಸ ಇದ್ದಾಗ ಹೊತ್ತು ಹೋದದ್ದು ಗೊತ್ತಾಗಲ್ಲ, ಅಷ್ಟೇ. ಸುಮ್ನೆ ನಿಂತು ಬೇರೆಯವರು ಕಾರ್ಡ್ ಹುಡುಕೋದನ್ನು ನೋಡುವ ಒಂದು ನಿಮಿಷ ಉದ್ದ. ನಾವೇ ಟಿಕ್ ಟಿಕ್ ಅಂತ ಒತ್ತುವ ಮೂರು ನಿಮಿಷ ಗಿಡ್ಡ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಆರೇಳು ಮೆಷಿನ್‌ಗೆ ಒಂದೇ ಸಾಲು ಇರುವುದರಿಂದ ಒಂದು ಕೆಟ್ಟು ನಿಂತರೂ ಸಾಲು ಮುಂದೆ ಹೋಗುತ್ತದೆ. ಕೈಯಲ್ಲಿ ನಾಲ್ಕೈದೇ ಸಾಮಾನಿದ್ದು ಎಲ್ಲಾ ಕೌಂಟರ್ ತುಂಬಿದ್ದರೆ ಲಾಭ ಇದೆ. ಟಾರ್ಗೆಟ್ ಅನ್ನುವ ಅಂಗಡಿಯವರು 2024ರಲ್ಲಿ ತಮ್ಮ ಬಹುತೇಕ ಅಂಗಡಿಗಳಲ್ಲಿ ಸೆಲ್ಫ್ ಚೆಕ್‌ಔಟ್‌ಗೆ 10 ಸಾಮಾನಿನ ಮಿತಿ ಹಾಕಿದ್ದು ಸುಮ್ನೆ ಅಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಕ್ಯಾಷಿಯರ್ ಖಾಲಿ ನಿಂತಿದ್ದಾರೆ, ಅಲ್ವಾ?

ನಿಜವಾದ ಕಾರಣ, ಯಜಮಾನಿಕೆ ನಮ್ಮ ಕೈಲಿರುತ್ತದೆ ಅನ್ನೋದು. ಹಾಲು ಕೆಳಗೆ, ಮೊಟ್ಟೆ ಮೇಲೆ, ನಮಗೆ ಬೇಕಾದ ಹಾಗೆ ತುಂಬಿಕೊಳ್ಳಬಹುದು. ಒಂದೊಂದರ ಬೆಲೆಯೂ ಕಣ್ಣೆದುರು ಬೀಳುತ್ತದೆ, ಆಫರ್ ಹಿಡಿದಿಲ್ಲವಾದರೆ ಅಲ್ಲೇ ಗೊತ್ತಾಗುತ್ತದೆ. ಪ್ಯಾಡೋ ಔಷಧಿಯೋ ಇದ್ದರೆ ಯಾರೂ ಎತ್ತಿ ನೋಡಲ್ಲ. ಹೊಸದಾಗಿ ಬಂದವರಿಗೆ ‘ಎಲ್ಲಾ ಸಿಕ್ತಾ, ಹೇಗಿದೆ ದಿನ’ ಅನ್ನುವ ಇಂಗ್ಲಿಷ್ ಮಾತುಕತೆಯೂ ತಪ್ಪುತ್ತದೆ. ಮಗಳು ಮಾತಿಗೆ ಹಿಂಜರಿಯುವವಳಲ್ಲದಿದ್ದರೂ ಆಫೀಸಿನಿಂದ ಸುಸ್ತಾಗಿ ಬಂದ ದಿನ ಬಾಯಿ ಬಿಡದೆ ಮನೆಗೆ ಹೋದರೆ ಸಾಕು ಅನ್ನಿಸಬಹುದು.

ಎಲ್ಲರಿಗೂ ಹೀಗೇ ಅಂತಲ್ಲ. ನೆದರ್ಲೆಂಡ್ಸ್‌ನಲ್ಲಿ ಯಂಬೊ ಸೂಪರ್‌ಮಾರ್ಕೆಟ್ 2019ರಲ್ಲಿ ನಿಧಾನವಾಗಿ ಹರಟೆ ಹೊಡೆಯುವವರಿಗೇ ಒಂದು ಕೌಂಟರ್ ತೆರೆಯಿತು, ಒಂಟಿಯಾಗಿರುವ ಹಿರಿಯರಿಗೆ ಅನುಕೂಲ ಅಂತ. ಇಂಗ್ಲೆಂಡಿನ ಬೂತ್ಸ್ ಸೂಪರ್‌ಮಾರ್ಕೆಟ್ 2023ರಲ್ಲಿ ಬಹುತೇಕ ಅಂಗಡಿಗಳಿಂದ ಈ ಮೆಷಿನ್‌ಗಳನ್ನೇ ತೆಗೆಯುವುದಾಗಿ ಹೇಳಿತು.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಣ್ಣಿನ ಮೇಲಿನ ಸ್ಟಿಕರ್ ಇದೆಯಲ್ಲ, ಅದನ್ನು ಕಿತ್ತು ಎಸೆಯಬೇಡಿ. ಒತ್ತಬೇಕಾದ ನಂಬರ್ ಅದರಲ್ಲೇ ಇರುತ್ತದೆ, ಮಾಮೂಲಿ ಹಳದಿ ಬಾಳೆಹಣ್ಣಿಗೆ 4011. ಮುಂದೆ 9 ಸೇರಿ 94011 ಆದರೆ ಸಾವಯವದ್ದು, ಬೆಲೆ ಜಾಸ್ತಿ. ಸಾವಯವ ಗೊನೆ ತೂಕಕ್ಕಿಟ್ಟು 4011 ಒತ್ತಿದರೂ ತಕ್ಕಡಿ ಏನೂ ಅನ್ನಲ್ಲ. ಆದರೆ ಬೇಕೆಂದೇ ಒತ್ತಿದರೆ ಕಾನೂನಿನ ಲೆಕ್ಕದಲ್ಲಿ ಅದು ಕಳ್ಳತನ. ವೀಸಾ ಮೇಲೆ ಬಂದವರು ನಾಲ್ಕು ಕಾಸಿಗಾಗಿ ಆ ತಂಟೆಗೆ ಹೋಗಲೇಬೇಡಿ.