ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಬಾಗೇಪಲ್ಲಿ ಕಡೆಯ ಹಳ್ಳಿ. ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುತ್ತಾರೆ. ಚೆನ್ನಾಗಿ ಕುದಿಸಿ, ಸೋಸಿ ಕುಡಿದರೆ ಸಾಲದೆ? ಕುಡಿಯುವುದಕ್ಕೆ ಆಗಾಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ, ಅಡುಗೆಗೆ ಮಾತ್ರ ಬೋರ್ ನೀರೇ. ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ.

ಉತ್ತರ: ಸಾಲದು. ಕುದಿಸುವುದರಿಂದ ಸಾಯುವುದು ರೋಗಾಣುಗಳು. ಫ್ಲೋರೈಡ್ ನೀರಿನಲ್ಲಿ ಕರಗಿರುವ ಲವಣ, ಆವಿಯಾಗಿ ಹೋಗುವ ಜಾತಿಯಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ಕುದ್ದು 9 ಲೀಟರಿಗೆ ಇಳಿದರೆ, ಉಳಿದ ನೀರಿನಲ್ಲಿ ಅದು 2.2 ಮಿಲಿಗ್ರಾಂ ಆಗಿರುತ್ತದೆ. ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪೊರೆ ನೋಡಿ ‘ಕೆಟ್ಟದ್ದೆಲ್ಲ ಕೆಳಗೆ ಬಂತು’ ಎಂದುಕೊಳ್ಳುವವರಿದ್ದಾರೆ. ಆ ಪೊರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ, ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಡುವುದು, ಇವು ಯಾವುದೂ ಫ್ಲೋರೈಡನ್ನು ತೆಗೆಯುವುದಿಲ್ಲ.

ಇದು ಕಾರ್ಖಾನೆಯಿಂದ ಬಂದ ಮಾಲಿನ್ಯವಲ್ಲ, ನಮ್ಮ ಬಂಡೆಯದೇ ಗುಣ. ಪಾವಗಡ, ಶಿರಾ, ಮಧುಗಿರಿಯಿಂದ ಗುಡಿಬಂಡೆ, ಚಿಂತಾಮಣಿ, ಮುಳಬಾಗಿಲಿನವರೆಗೆ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕಲ್ಲಿನ ಬಿರುಕಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ, ಕ್ಷಾರೀಯವಾಗಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದಷ್ಟೂ ಹೆಚ್ಚು ಕರಗುತ್ತದೆ. ಹಾಗಾಗಿ ಬಾಯಿಗೆ ಸಿಹಿಯಾದ, ಸೋಪು ಚೆನ್ನಾಗಿ ನೊರೆ ಬರುವ ಮೆದು ನೀರಿನಲ್ಲೇ ಕೆಲವೊಮ್ಮೆ ಫ್ಲೋರೈಡ್ ಜಾಸ್ತಿ. ರುಚಿ, ಬಣ್ಣ, ವಾಸನೆಯಿಂದ ಇದನ್ನು ಪತ್ತೆ ಮಾಡಲಾಗದು.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವುದು ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಇದು ದಾಟಿದಾಗ ಮೊದಲು ಕಾಣುವುದು ಮಕ್ಕಳ ಹಲ್ಲಿನಲ್ಲಿ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲಿನ ಎನಾಮಲ್ ದವಡೆಯೊಳಗೇ ರೂಪುಗೊಳ್ಳುತ್ತಿರುತ್ತದೆ, ಆಗ ಬಿದ್ದ ಪೆಟ್ಟು ಹಲ್ಲು ಹುಟ್ಟಿದಾಗ ಗೊತ್ತಾಗುತ್ತದೆ. ಎಡಬಲದ ಹಲ್ಲುಗಳಲ್ಲಿ ಒಂದೇ ತೆರನಾಗಿ ಸುಣ್ಣದಂಥ ಬಿಳಿ ಗೆರೆ, ಮುಂದೆ ಹಳದಿ, ಕಂದು. ಉಜ್ಜಿದರೆ ಹೋಗುವ ಕರೆ ಇದಲ್ಲ. ಎಂಟು ದಾಟಿದವರಿಗೆ ಹೊಸದಾಗಿ ಹಲ್ಲಿನ ಕಲೆ ಬರುವುದಿಲ್ಲ, ಆದರೆ ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಗೆ ಸೇರಿ ಕುತ್ತಿಗೆ, ಬೆನ್ನು, ಮಂಡಿ ಬಿಗಿಯುತ್ತವೆ. ಭಾರತದಲ್ಲಿ ಫ್ಲೋರೈಡಿನಿಂದ ಬರುವ ಈ ಮೂಳೆ ಕಾಯಿಲೆ (ಫ್ಲೋರೋಸಿಸ್) 1937ರಲ್ಲೇ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ ವರದಿಯಾಗಿತ್ತು.

ಈಗ ನಿಮ್ಮ ಅಡುಗೆಮನೆಗೆ ಬರೋಣ, ಮುಖ್ಯ ತಪ್ಪು ಇರುವುದು ಅಲ್ಲೇ. ಅನ್ನಕ್ಕೆ, ಮುದ್ದೆಗೆ ಎಸರಿಟ್ಟ ನೀರನ್ನು ಅಕ್ಕಿ, ಹಿಟ್ಟು ಪೂರ್ತಿ ಹೀರಿಕೊಳ್ಳುತ್ತವೆ. ಆವಿಯಾದದ್ದು ಬರೀ ನೀರು, ಫ್ಲೋರೈಡ್ ಎಲ್ಲ ತಟ್ಟೆಗೆ. ಬೇಳೆಕಟ್ಟು, ಬಸ್ಸಾರು, ಚಹಾ ಎಲ್ಲಕ್ಕೂ ಇದೇ ಲೆಕ್ಕ. ನಿಮ್ಮ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಮಗುವಿನ ದಿನದ ಊಟದೊಳಗೆ ಅರ್ಧ ಲೀಟರ್ ನೀರು ಸೇರಿದರೆ, ಒಂದು ಗುಟುಕು ಕುಡಿಯದೆಯೂ 1.5 ಮಿಲಿಗ್ರಾಂ ಆಯಿತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1997ರಲ್ಲಿ ನಿಗದಿ ಮಾಡಿದ ಗರಿಷ್ಠ ಮಿತಿ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ 2.2, ಒಂದರಿಂದ ಮೂರು ವರ್ಷದ ಮಗುವಿಗೆ 1.3 ಮಿಲಿಗ್ರಾಂ. ಕ್ಯಾನ್ ನೀರು ಸಾಕಷ್ಟು ಇಲ್ಲದಿದ್ದರೆ ಮೊದಲ ಪಾಲು ಮಗುವಿನ ಕುಡಿಯುವ ನೀರಿಗೆ ಮತ್ತು ಎಸರಿಗೆ ಹೋಗಲಿ. ತೊಳೆಯಲು, ಸ್ನಾನಕ್ಕೆ ಬೋರ್ ನೀರು ಧಾರಾಳವಾಗಿ ಬಳಸಿ. ಚರ್ಮದ ಮೂಲಕ ಫ್ಲೋರೈಡ್ ಲೆಕ್ಕಕ್ಕೆ ಬರುವಷ್ಟು ಒಳಸೇರುವುದಿಲ್ಲ. ಹಸುಗೂಸಿಗೆ ಪುಡಿ ಹಾಲು ಕಲಸುವುದಾದರೆ ಬೋರ್ ನೀರು ಬೇಡವೇ ಬೇಡ. ತಾಯಿ ಈ ನೀರನ್ನೇ ಕುಡಿಯುತ್ತಿದ್ದರೂ ಎದೆಹಾಲಿಗೆ ಬರುವ ಫ್ಲೋರೈಡ್ ತೀರಾ ಅಲ್ಪ.

ಆದರೆ ಇಷ್ಟೆಲ್ಲ ಲೆಕ್ಕಕ್ಕೂ ಮೊದಲು ನಿಮ್ಮ ಬೋರಿನ ಅಂಕಿ ಗೊತ್ತಿರಬೇಕು. ಪಕ್ಕದ ಹೊಲದ ಬೋರಿನ ಅಂಕಿ ನಿಮಗೆ ಆಗಿಬರದು, ಬಿರುಕು ಬೇರೆಯಾದರೆ ನೀರೂ ಬೇರೆ. ಫಿಲ್ಟರ್ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸುವುದನ್ನು ಪರೀಕ್ಷೆ ಎಂದು ನಂಬಬೇಡಿ. ಅದು ನೀರಿನ ವಿದ್ಯುತ್ ವಾಹಕತೆಯಿಂದ ಒಟ್ಟು ಲವಣವನ್ನು ಅಂದಾಜು ಮಾಡುವ ಸಾಧನ; 800ರ ಟಿಡಿಎಸ್‌ನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ವ್ಯತ್ಯಾಸ ಕಾಣದು. ಗ್ರಾಮ ಪಂಚಾಯಿತಿಯ ಪರೀಕ್ಷಾ ಕಿಟ್ ಬಣ್ಣ ನೋಡಿ ಅಂದಾಜು ಹೇಳುತ್ತದೆ. ನಿಖರ ಅಂಕಿ ಬೇಕಾದರೆ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಮೋಟರ್ ಹಾಕಿ ಐದರಿಂದ ಹತ್ತು ನಿಮಿಷ ನೀರು ಬಿಟ್ಟು, ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ ತುಂಬಿಸಿ. ಗಾಜಿನ ಬಾಟಲಿ ಬೇಡ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿದರೆ ಏರಿಳಿತ ತಿಳಿಯುತ್ತದೆ.

ಫ್ಲೋರೈಡ್ ತೆಗೆಯುವ ದಾರಿಗಳಲ್ಲಿ ಮನೆಗೆ ಸುಲಭವಾದದ್ದು ಆರ್‌ಒ, ಅಂದರೆ ತೀರಾ ಸಣ್ಣ ರಂಧ್ರಗಳ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತಡೆಯುವ ಯಂತ್ರ. ಸರಿಯಾಗಿರುವ ಪೊರೆ 85ರಿಂದ 95 ಶೇಕಡದಷ್ಟು ಫ್ಲೋರೈಡ್ ತಡೆಯುತ್ತದೆ. ಇಲ್ಲೊಂದು ಒಳಗುಟ್ಟಿದೆ. ರುಚಿ ಚಪ್ಪೆಯಾಗಬಾರದೆಂದು ಅನೇಕ ಯಂತ್ರಗಳಲ್ಲಿ ‘ಟಿಡಿಎಸ್ ಕಂಟ್ರೋಲರ್’ ಎಂಬ ತಿರುಪು ಇರುತ್ತದೆ. ಅದು ಆರ್‌ಒ ಆಗದ ನೀರನ್ನು ಒಂದಿಷ್ಟು ಬೆರೆಸುತ್ತದೆ. 3 ಮಿಲಿಗ್ರಾಂ ನೀರು ಆರ್‌ಒ ದಾಟಿ 0.3ಕ್ಕೆ ಇಳಿಯಿತು ಎನ್ನಿ. ಬೆರೆತು ಬರುವ ನೀರಿನಲ್ಲಿ ಶೇ 30 ಪಾಲು ಕಚ್ಚಾ ನೀರಾದರೆ ಮತ್ತೆ 1.1 ದಾಟಿತು. ಫ್ಲೋರೈಡ್ ಇರುವ ಊರಲ್ಲಿ ಆ ತಿರುಪನ್ನು ಪೂರ್ತಿ ಮುಚ್ಚಿಸಿ. ನಾಣ್ಯ ಹಾಕಿ ಹಿಡಿಯುವ ಘಟಕಗಳಲ್ಲೂ ಇಂಥ ಬೈಪಾಸ್ ಇರಬಹುದು, ಪೊರೆ ಸವೆದರೆ ನೀರು ತಿಳಿಯಾಗಿಯೇ ಬಂದು ಫ್ಲೋರೈಡ್ ನುಸುಳುತ್ತದೆ. ಘಟಕದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡುವುದು ಅತಿ ಅನುಮಾನವೇನಲ್ಲ.

ಪಟಿಕ ತಿರುಗಿಸಿದರೆ ಸಾಕು ಎಂಬ ಮಾತಿನ ಹಿಂದೆ ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನ ಇದೆ, ಆದರೆ ಅದು ಮನೆಯ ಕೈಚಳಕವಲ್ಲ. ರಾಡಿ ಕೂರಿಸಲು ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಲೀಟರಿಗೆ ನೂರಾರು ಮಿಲಿಗ್ರಾಂ ಪಟಿಕ, ಜೊತೆಗೆ ಸುಣ್ಣ ಬೇಕು. ನೀರಿನ ಕ್ಷಾರಗುಣಕ್ಕೆ ತಕ್ಕ ಪ್ರಮಾಣ ತಪ್ಪಿದರೆ ಅಲ್ಯುಮಿನಿಯಂ ನೀರಲ್ಲೇ ಉಳಿಯುತ್ತದೆ, ಅದರ ಮಿತಿ ಲೀಟರಿಗೆ ಕೇವಲ 0.03 ಮಿಲಿಗ್ರಾಂ. ಅಳತೆ ಗೊತ್ತಿಲ್ಲದೆ ಮಾಡಬೇಡಿ.

ನನ್ನ ಕೇಳಿದರೆ ಸ್ವಂತ ಮನೆಯವರಿಗೆ ಮಳೆನೀರೇ ಮೇಲು, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿದರೂ 100 ಚದರ ಮೀಟರ್ ತಾರಸಿಯಿಂದ, ಐದನೇ ಒಂದು ಪಾಲು ನಷ್ಟ ಕಳೆದು, 48,000 ಲೀಟರ್ ಬರುತ್ತದೆ. ಐವರ ಮನೆಗೆ ತಲಾ ಐದು ಲೀಟರಿನಂತೆ 200 ದಿನದ ಕುಡಿಯುವ ಮತ್ತು ಅಡುಗೆಯ ನೀರಿಗೆ ಬೇಕಾದದ್ದು 5,000 ಲೀಟರ್ ಮಾತ್ರ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮರಳು-ಜಲ್ಲಿಯಲ್ಲಿ ಸೋಸಿ, ಬೆಳಕು ಮತ್ತು ಸೊಳ್ಳೆ ಹೋಗದಂತೆ ಮುಚ್ಚಿಡಿ. ಕುದಿಸಬೇಕಾದದ್ದು ಈ ನೀರನ್ನು. ಇದರ ತೊಂದರೆ ಹಕ್ಕಿ ಹಿಕ್ಕೆಯಿಂದ ಬರುವ ರೋಗಾಣು.

ಊಟದ ವಿಷಯ. ಕ್ಯಾಲ್ಸಿಯಂ ಇದ್ದರೆ ಕರುಳಿನಲ್ಲಿ ಫ್ಲೋರೈಡ್ ಅದಕ್ಕೆ ಅಂಟಿ ಒಂದಷ್ಟು ಮಲದಲ್ಲಿ ಹೋಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ, ಸೀಬೆ ಜೊತೆಯಾಗಲಿ. ಹುಣಸೆಹಣ್ಣು ತಿಂದ ಶಾಲಾ ಬಾಲಕರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋದದ್ದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ತುಮಕೂರು ಸೀಮೆಯವರಿಗೆ ಹುಣಸೆ ಹೇಳಿಕೊಡಬೇಕಾಗಿಲ್ಲ, ಆದರೆ ಇದೆಲ್ಲ ಆಸರೆಯಷ್ಟೆ. ಕೆಟ್ಟ ನೀರು ಕುಡಿಯುತ್ತಲೇ ಹುಣಸೆ ತಿಂದು ಪಾರಾಗಲಾಗದು. ಕಪ್ಪು ಚಹಾ ಮತ್ತು ಕಪ್ಪು ಉಪ್ಪು ಸ್ವತಃ ಫ್ಲೋರೈಡ್ ತರುತ್ತವೆ, ಮಕ್ಕಳಿಗೆ ಬೇಡ. ಮಗು ಟೂತ್‌ಪೇಸ್ಟ್ ನುಂಗದಂತೆ ನೋಡಿಕೊಳ್ಳಿ.

ಕೊನೆಗೆ, ಆರ್‌ಒ ಹೊರಹಾಕುವ ನೀರು. ಮೂವತ್ತು ಲೀಟರ್ ಹೋಗಿ ಹತ್ತು ಲೀಟರ್ ಶುದ್ಧ ನೀರು ಬಂದರೆ, ಉಳಿದ ಇಪ್ಪತ್ತರಲ್ಲಿ 3 ಇದ್ದ ಫ್ಲೋರೈಡ್ 4.3 ದಾಟಿರುತ್ತದೆ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ದನಗಳಿಗೂ ಫ್ಲೋರೋಸಿಸ್ ಬರುತ್ತದೆ, ಆ ನೀರನ್ನು ಕಲಗಚ್ಚಿಗೆ ಸುರಿಯಬೇಡಿ. ಬತ್ತಿದ ಬೋರಿಗೆ ಬಿಡುವುದಂತೂ ಬೇಡ, ಅದು ಊರಿನ ಅಂತರ್ಜಲಕ್ಕೇ ವಾಪಸ್ ಸೇರುತ್ತದೆ.